ಹದಿನೈದು ದಿನದ ಫರಕು

ಆದಾಯ ತೆರಿಗೆಯ ಕೆಲಸಕ್ಕೆ ಇಳಿಯಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನಿಮ್ಮ ತಪ್ಪಿನ ದಂಡವನ್ನು ಬೇರೆಯವರು ಕಟ್ಟುತ್ತಾರೆ. ನೀವು ಫೀಸು ತೆಗೆದುಕೊಂಡು ಮನೆಗೆ ಹೋಗಿ ಊಟ ಮಾಡುತ್ತೀರಿ. ಇದು ಒಪ್ಪಿಗೆಯಿದ್ದರೆ ಬನ್ನಿ, ಇಲ್ಲವಾದರೆ ಬೇರೆ ಕೆಲಸ ನೋಡಿಕೊಳ್ಳಿ.

ನಾನು ಆಳಂದದಲ್ಲಿ ಮೂವತ್ತು ವರ್ಷದ ಮೇಲೆ ಈ ಕೆಲಸ ಮಾಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮೇಲಿನ ಖೋಲಿಯೇ ನನ್ನ ಆಫೀಸು. ಮಂಗಳವಾರ ಅಫಜಲಪುರಕ್ಕೆ, ಗುರುವಾರ ಜೇವರ್ಗಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಉಳಿದ ದಿನವೆಲ್ಲ ಆ ಯೂರಿಯಾದ ವಾಸನೆಯಲ್ಲೇ ಕಳೆಯುತ್ತಿತ್ತು. ಜನ ನನ್ನನ್ನು ‘ಆಡಿಟರ್ ಸಾಹೇಬ್ರು’ ಎನ್ನುತ್ತಿದ್ದರು. ನಾನು ಆಡಿಟರ್ ಅಲ್ಲ. ಬಿ.ಕಾಂ. ಮುಗಿಸಿ, ಸಿ.ಎ. ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ರಿಟರ್ನ್ ತುಂಬುವುದನ್ನು ಕಲಿತವನು. ಆದರೂ ಯಾರನ್ನೂ ತಿದ್ದಲಿಲ್ಲ. ಹಾಗೆ ಕರೆಸಿಕೊಳ್ಳುವುದು ಹಿತವಾಗಿತ್ತು.

ಕೆಲಸ ಕಲಿಸಿದವರು ಕಲಬುರಗಿಯ ಒಬ್ಬ ಹಿರಿಯ ಆಡಿಟರು. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಒಂಬತ್ತು ವರ್ಷ ಅವರ ಕೈಕೆಳಗೆ ದುಡಿದೆ. ನಿನಗೆ ಪಾಲುದಾರಿಕೆ ಕೊಡುತ್ತೇನೆ ಎಂದು ಒಂಬತ್ತು ವರ್ಷವೂ ಹೇಳಿದರು, ಕೊಟ್ಟದ್ದು ಮಗನಿಗೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ನನಗೆ ಬಂದ ಎರಡು ಪಾಠಗಳು ಅವರಿಂದಲೇ ಬಂದವು. ಮೊದಲನೆಯದು, ಏನೇ ಇದ್ದರೂ ಮಾರ್ಚ್ ಮೂವತ್ತೊಂದರ ಒಳಗೆ ಮುಗಿಸು ಎನ್ನುವುದು. ವಿಮೆ ಕಂತು, ಮುಂಗಡ ತೆರಿಗೆ, ಮಾರುವುದು, ಕೊಳ್ಳುವುದು ಯಾವುದೂ ಏಪ್ರಿಲ್‌ಗೆ ದಾಟಬಾರದು. ಎರಡನೆಯದು ಇನ್ನೂ ಸಣ್ಣದು. ಹೊಸ ಕಾಯ್ದೆ ಬಂದಾಗ ನಾವು ಹುರುಪಿನಿಂದ ಓದಿ ಹೇಳಲು ಹೋದರೆ ಅವರು ಪೂರ್ತಿ ಕೇಳುತ್ತಲೇ ಇರಲಿಲ್ಲ. ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದರು.

“ಯಾವಾಗಿಂದ?”

ಗೊತ್ತಿಲ್ಲವೆಂದರೆ ಕಾಗದ ನಮ್ಮ ಮುಖದ ಮೇಲೆ ಬರುತ್ತಿತ್ತು. “ಏನದ ಅನ್ನೂದು ಪೇಪರ್ ಓದೋ ಮಂದಿಗೆಲ್ಲಾ ಗೊತ್ತಿರ್ತದಲೇ. ಯಾವಾಗಿಂದ ಅನ್ನೂದಕ್ಕ ನಮಗ ರೊಕ್ಕ ಕೊಡ್ತಾರ!”

ಮೊದಲ ಪಾಠ ನನ್ನ ಮೈಗೆ ಹತ್ತಿತು. ಎರಡನೆಯದನ್ನು ಅವರ ಮೇಲಿನ ಸಿಟ್ಟಿಗೋ ಏನೋ ನಾನು ಉಳಿಸಿಕೊಳ್ಳಲಿಲ್ಲ.

ಶುರುವಿನಲ್ಲಿ ಎಲ್ಲ ಕಾಗದದ ಮೇಲೆ ನಡೆಯುತ್ತಿತ್ತು. ಕಾರ್ಬನ್ ಹಾಳೆ ಇಟ್ಟು ಬರೆದು, ಕಲಬುರಗಿಗೆ ಹೋಗಿ, ಕಿಟಕಿಯಲ್ಲಿ ಕೊಟ್ಟು, ಠಸ್ಸೆ ಹೊಡೆಸಿಕೊಂಡು ಬರಬೇಕು. ತಪ್ಪಾದರೆ ಅಧಿಕಾರಿಯ ಮುಂದೆ ನಿಂತು ಕೈಮುಗಿದರೆ ಬೈದು ತಿದ್ದಿಸಿಕೊಳ್ಳುತ್ತಿದ್ದರು. ಈಗ ಎಲ್ಲ ಪೋರ್ಟಲ್ ಮೇಲೆ. ಕಂಪ್ಯೂಟರು ಬೈಯುವುದಿಲ್ಲ, ಕೈಮುಗಿದರೆ ಕೇಳುವುದೂ ಇಲ್ಲ. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ನಮ್ಮ ಕಡೆಯ ಜನರ ರೊಕ್ಕ ಹೋಗುವ ಜಾಗ. ಹೊಲ, ಬಂಗಾರ, ಬ್ಯಾಂಕಿನ ಠೇವಣಿ ಇಷ್ಟೇ ನೋಡಿದ್ದ ನನ್ನ ಮೇಜಿನ ಮೇಲೆ ಒಂದು ದಿನ ಅಮೆರಿಕ ಬಂದು ಕೂತಿತು.

ತಂದವರು ಖಜೂರಿಯ ಗುಂಡಪ್ಪ ಸಾವಕಾರರು. ಎಂಟು ಲಾರಿಗಳ ಮಾಲೀಕರು. ಬ್ಯಾಂಕಿನವನೊಬ್ಬ ಅವರಿಗೆ ವಿದೇಶದ ಇಂಡೆಕ್ಸ್ ಫಂಡ್ ಕೊಡಿಸಿದ್ದ. ಅಂದರೆ ಮುಂಬೈಯ ಕಂಪನಿ ನಮ್ಮ ರೂಪಾಯಿ ಕೂಡಿಸಿ, ಅಮೆರಿಕದ ದೊಡ್ಡ ದೊಡ್ಡ ಕಂಪನಿಗಳನ್ನೆಲ್ಲ ಒಟ್ಟಿಗೆ ಒಂದೊಂದು ಚೂರು ಕೊಳ್ಳುತ್ತದೆ. ನಮ್ಮ ಪಾಲಿಗೆ ಯೂನಿಟ್ ಬರೆಯುತ್ತದೆ. ಅವರು ವರ್ಷಕ್ಕೊಮ್ಮೆ ಡಿವಿಡೆಂಡ್ ಕೈಗೆ ಬರುವ ಬಗೆಯನ್ನು ಆರಿಸಿಕೊಂಡಿದ್ದರು. ಬಂದಾಗೊಮ್ಮೆ ನನಗೂ ಪೇಢೆ ತರುತ್ತಿದ್ದರು.

“ಸಾವಕಾರ್ರ, ಈ ಡಿವಿಡೆಂಡ್ ನಿಮ್ಮ ಆದಾಯಕ್ಕ ಕೂಡ್ತದ. ಬಂದಾಗೊಮ್ಮೆ ನೂರಕ್ಕ ಮೂವತ್ತು ಸರ್ಕಾರಕ್ಕ. ಅಮೆರಿಕದ ಸರ್ಕಾರ ಅಲ್ಲೇ ತನ್ನ ಪಾಲು ಮೊದಲೇ ಹಿಡದಿರ್ತದ, ಅದು ವಾಪಸ್ ಬರೂದಿಲ್ಲ. ಗ್ರೋಥ್‌ದಾಗ ಇಟ್ರ ಲಾಭ ಫಂಡಿನೊಳಗೇ ಬೆಳೀತದ, ಮಾರೂತನಕ ನಮ್ಮ ತೆರಿಗಿ ಇಲ್ಲ.”

“ಕೈಯಾಗ ಬಂದ್ರ ಲಾಭ ರೀ ಸಾಹೇಬ್ರ. ಕಂಪ್ಯೂಟರಿನ್ಯಾಗ ಕಂಡ್ರ ಅದೆಂಥಾ ಲಾಭ?”

ಎರಡು ವರ್ಷ ತಲೆ ತಿಂದು ಗ್ರೋಥ್‌ಗೆ ಬದಲಾಯಿಸಿದೆ. ಬದಲಾಯಿಸುವುದೆಂದರೆ ಒಂದನ್ನು ಮಾರಿ ಇನ್ನೊಂದನ್ನು ಕೊಂಡಂತೆ. ಆ ದಿನವೇ ಅಲ್ಲಿಯವರೆಗಿನ ಲಾಭದ ಮೇಲೆ ತೆರಿಗೆ ಬೀಳುತ್ತದೆ. ಅದನ್ನು ಹೇಳುವುದು ನನಗೆ ಮರೆತಿತ್ತು. ಲೆಕ್ಕ ಬಂದಾಗ ಗುಂಡಪ್ಪನವರು ಮೆಟ್ಟಿಲು ನಡುಗುವಂತೆ ಹತ್ತಿ ಬಂದರು.

“ಲಾರಿಗೆ ಬಣ್ಣ ಬದಲ್ ಮಾಡಿಸಿದ್ರ ಲಾರಿ ಮಾರಿದಂಗ ಆಗ್ತದೇನ್ರಿ?”

ಒಂದು ಗಳಿಗೆ ಕಣ್ಣು ಕೆಕ್ಕರಿಸಿದವರು ಹೋ ಎಂದು ನಕ್ಕರು. ಕೆಳಗಿನ ಹೋಟೆಲಿನಿಂದ ಚಹಾ ತರಿಸಿದರು. “ಹೋಗ್ಲಿ ಬಿಡ್ರಿ, ಒಂದು ಟೈರ್ ಹೋತು ಅನ್ಕೋತೇನಿ” ಎಂದರು. ಎಂಟು ಲಾರಿ ಇದ್ದವರಿಗೆ ಕ್ಷಮಿಸುವುದು ಕಷ್ಟವಲ್ಲ. ನಾನು ಮಾತ್ರ ಅದನ್ನು ನನ್ನ ತಪ್ಪೇ ಸಣ್ಣದು ಎಂದು ತಿಳಿದುಕೊಂಡೆ.

ನೆಲೋಗಿಯ ಡಾಕ್ಟರೊಬ್ಬರು ಜೇವರ್ಗಿಯಲ್ಲಿ ಆಸ್ಪತ್ರೆ ಇಟ್ಟಿದ್ದರು. ಅವರು ನಡುವಿನ ಮುಂಬೈ ಕಂಪನಿಯನ್ನೂ ಬಿಟ್ಟು, ಮೊಬೈಲಿನಿಂದ ನೇರ ಅಮೆರಿಕದ ಫಂಡನ್ನೇ ಕೊಂಡಿದ್ದರು. ಹಾಗೆ ಕೊಂಡರೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು, ಮರೆತರೆ ದಂಡ ಹೂಡಿದ ಹಣವನ್ನೇ ನುಂಗುವಷ್ಟಿರುತ್ತಿತ್ತು. “ನಲವತ್ತು ಸಾವಿರಕ್ಕ ಇಷ್ಟು ಕಾಗದ ಯಾಕ್ರಿ?” ಎಂದು ಡಾಕ್ಟರು ಗೊಣಗಿದರು. ನಾನು ಬಿಡದೆ ತುಂಬಿಸಿದೆ. ಅಂದಿನಿಂದ ಯಾರೇ ಕೇಳಲಿ, ಅಮೆರಿಕಕ್ಕೆ ಹೋಗುವುದಿದ್ದರೆ ಮುಂಬೈ ಮೇಲಿಂದಲೇ ಹೋಗಿ ಎನ್ನುತ್ತಿದ್ದೆ. ಆ ಸಲಹೆ ಸರಿಯೇ ಇತ್ತು. ಶಾಂತಾಬಾಯಿ ಟೀಚರ್‌ಗೂ ಅದನ್ನೇ ಹೇಳಿದೆ.

ಈಗ ಶಾಂತಾಬಾಯಿಯವರ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಕೂತಿದ್ದೇನೆ, ಆದರೂ ಇಷ್ಟು ಹೊತ್ತು ಸುತ್ತಾಡಿದೆ.

ಅವರು ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಆಮೇಲೆ ಅಲ್ಲೇ ಹೆಡ್‌ಮಿಸ್ ಆದರು. ತವರು ಕರಜಗಿ. ಅಲ್ಲಿ ನೀರಾವರಿ ಹೊಲ, ಕಬ್ಬು. ಪಂಚಮಿ ಹಬ್ಬಕ್ಕೆ ಅಕ್ಕತಂಗಿಯರನ್ನು ಕರೆದು, ಉಂಡಿ ತಿನ್ನಿಸಿ, ಸೀರೆ ಉಡಿಸಿ, ಹೊಲದ ಹಕ್ಕು ಬಿಟ್ಟುಕೊಟ್ಟೆ ಎನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸುವುದು ನಮ್ಮ ಕಡೆ ಎಷ್ಟೋ ಮನೆಗಳ ಪದ್ಧತಿ. ಶಾಂತಾಬಾಯಿ ಸೀರೆ ಉಟ್ಟರು, ಸಹಿ ಹಾಕಲಿಲ್ಲ. ನನ್ನ ಪಾಲು ಕೊಡು ಎಂದರು. ವರ್ಷಗಟ್ಟಲೆ ಜಗಳವಾಯಿತು. ಕೊನೆಗೆ ಅಣ್ಣ ಬಸವಣ್ಣೆಪ್ಪ ಮೂವತ್ತು ಲಕ್ಷ ಬ್ಯಾಂಕಿಗೆ ಹಾಕಿ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ. ಅಲ್ಲಿಂದ ಅವರಿಗೆ ಪಂಚಮಿಯ ಕರೆ ಬರಲಿಲ್ಲ.

ಆ ಯುಗಾದಿ ಪಾಡ್ಯದ ದಿನ ಅವರು ಚೆಕ್ ಪುಸ್ತಕ ಹಿಡಿದು ನನ್ನ ಖೋಲಿಗೆ ಬಂದರು.

“ಸರ, ಈ ರೊಕ್ಕ ನಮ್ಮ ಊರಾಗ ಯಾರ ಕಣ್ಣಿಗೂ ಬೀಳಬಾರ್ದು. ದೂರ ಇಡಬೇಕಾಗ್ಯಾದ.”

“ಎಷ್ಟು ದೂರ ರೀ ಟೀಚರ್?”

“ಎಷ್ಟು ದೂರ ಆಗ್ತದ ಅಷ್ಟು.”

ನಾನು ಅಮೆರಿಕದ ಫಂಡಿನ ಬಗ್ಗೆ ಹೇಳಿದೆ. ಅವರು ಲಾಭ, ತೆರಿಗೆ, ಡಾಲರ್ ದರ ಎಲ್ಲ ಕೇಳಿ, ಹಾಳೆಯ ಮೇಲೆ ತಾವೇ ಲೆಕ್ಕ ಹಾಕಿ ಒಪ್ಪಿದರು. ಇವತ್ತೇ ಹಾಕಿ ಎಂದರು.

“ಇವತ್ತ್ಯಾಕ ಟೀಚರ್? ಶರಣರ ಮನಿಯವ್ರು ಮುಹೂರ್ತ ನೋಡ್ತೀರೇನು?”

“ಪಂಚಾಂಗ ನಾವು ನೋಡೂದಿಲ್ರಿ. ಪಾಡ್ಯಾಕ್ಕ ಪಂಚಾಂಗ ಬೇಕಾಗಿಲ್ಲ. ವರ್ಷದಾಗ ಮೂರೂವರೆ ದಿನ ಹಂಗ ಅವ, ನಮ್ಮವ್ವ ಎಲ್ಲಾ ಅವೇ ದಿನ ಶುರು ಮಾಡ್ತಿದ್ಲು.”

ನನಗೆ ಮಾರ್ಚ್ ಕೊನೆಯ ಗದ್ದಲ. ಮಾರ್ಚ್‌ನಲ್ಲಿ ಕೊಂಡರೆ ಈ ವರ್ಷದ ಫೈಲಿಗೆ ಇನ್ನೊಂದು ನಮೂದು ಬರುತ್ತದೆ, ಇನ್ನೊಂದು ಕಾಗದ ಹುಡುಕಬೇಕು. ಖರೇ ಹೇಳಬೇಕೆಂದರೆ ಅದು ಬರೀ ಮೈಗಳ್ಳತನ, ಮೈಗೆ ಹತ್ತಿದ ಮಾರ್ಚ್ ಪಾಠವನ್ನೂ ಮರೆಸಿತು. “ಏಪ್ರಿಲ್ ಮೊದಲನೇ ವಾರ ಹಾಕೋಣ, ಹೊಸ ವರ್ಷ, ಹೊಸ ಲೆಕ್ಕ” ಎಂದೆ. ಅವರ ಮುಖ ಸಣ್ಣದಾಯಿತು. ಆದರೂ ಆಡಿಟರ್ ಸಾಹೇಬರ ಮಾತು ಮೀರಲಿಲ್ಲ.

ಎರಡು ಮೂರು ದಿನ ಕಳೆಯುವಷ್ಟರಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಏಪ್ರಿಲ್ ಒಂದರಿಂದ ಕೊಳ್ಳುವ ವಿದೇಶಿ ಫಂಡುಗಳಿಗೆ ದೀರ್ಘಾವಧಿಯ ರಿಯಾಯಿತಿ ಇಲ್ಲ. ಎಷ್ಟು ವರ್ಷ ಇಟ್ಟರೂ ಲಾಭವನ್ನು ಸಂಬಳದ ಜೊತೆ ಕೂಡಿಸಿ ಪೂರ್ತಿ ತೆರಿಗೆ. ಮಾರ್ಚ್‌ನೊಳಗೆ ಕೊಂಡವರಿಗೆ ಹಳೆಯ ನಿಯಮ. ಓದಿದ ಕೂಡಲೇ ಟೀಚರ್ ನೆನಪಾದರು. ಇನ್ನೂ ನಾಲ್ಕೈದು ಕೆಲಸದ ದಿನಗಳಿದ್ದವು. ಒಂದು ಫೋನ್ ಸಾಕಿತ್ತು. ಆದರೆ ಫೋನ್ ಮಾಡಿದರೆ ಪಾಡ್ಯದ ದಿನ ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಬೇಕಿತ್ತು. ನಾಳೆ ಮಾಡೋಣ, ನಾಳೆ ಮಾಡೋಣ ಎನ್ನುತ್ತ ಮಾರ್ಚ್ ಮುಗಿಯಿತು. ಏಪ್ರಿಲ್ ಐದರಂದು ಬಾಯಿ ಮುಚ್ಚಿಕೊಂಡು ಅವರ ಸಹಿ ತೆಗೆದುಕೊಂಡೆ. ಥೂ, ಇವತ್ತಿಗೂ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಮರುವರ್ಷ ಜುಲೈಯ ಬಜೆಟ್ಟಿನಲ್ಲಿ ಸರ್ಕಾರ ಆ ಗಂಟನ್ನು ಮತ್ತೆ ಬಿಚ್ಚಿತು. ವಿದೇಶಿ ಫಂಡನ್ನು ಎರಡು ವರ್ಷದ ಮೇಲೆ ಇಟ್ಟಿದ್ದರೆ ಲಾಭಕ್ಕೆ ಶೇಕಡ ಹನ್ನೆರಡೂವರೆ ಅಷ್ಟೇ. ಓದಿದಾಗ ನನಗಾದ ಸಂತೋಷ ಮಗಳ ಮದುವೆ ಗೊತ್ತಾದಾಗಲೂ ಆಗಿರಲಿಲ್ಲ. ನನ್ನ ತಪ್ಪು ತೊಳೆದು ಹೋಯಿತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ! ಆ ಖುಷಿಯಲ್ಲಿ ಪೇಪರ್ ಮಡಿಸಿಟ್ಟೆ. ಅದು ಯಾವಾಗಿಂದ ಎಂದು ನೋಡಲಿಲ್ಲ.

ಹಳೆಯ ಯೂನಿಟ್‌ಗಳಿಗೆ ಆ ದಿನದಿಂದಲೇ ಇತ್ತು. ಶಾಂತಾಬಾಯಿಯವರಂತೆ ನಡುವಿನ ಕಾಲದಲ್ಲಿ ಕೊಂಡವರಿಗೆ ಮುಂದಿನ ಏಪ್ರಿಲ್ ಒಂದರಿಂದ. ಅದಕ್ಕೆ ಒಂದು ದಿನ ಮೊದಲು ಮಾರಿದರೂ ಪೂರ್ತಿ ತೆರಿಗೆಯ ಹಳೆಯ ಬರೆಯೇ.

ಆ ಏಪ್ರಿಲ್ ಬರುವ ಮೊದಲು, ಮಾರ್ಚ್ ನಡುವೆ ಅವರ ಫೋನ್ ಬಂತು. ದನಿಯಲ್ಲಿ ಹುಡುಗಿಯ ಸಡಗರ.

“ಸರ, ನಮ್ಮಣ್ಣ ಫೋನ್ ಮಾಡಿದ್ದ! ಬಾವಿ ಕಡೆ ಎರಡು ಎಕರೆ ಮಾರಾಕತ್ತಾನ. ‘ಹೊರಗಿನವ್ರಿಗೆ ಕೊಡೂದಕ್ಕಿಂತ ನೀನ ತಗೋ ಶಾಂತಾ, ಪಾಡ್ಯಾದ ದಿನ ಚೆಕ್ ತಗೊಂಡು ಮನಿಗಿ ಬಾ’ ಅಂದಾನ. ಆ ಬಾವಿ ನಮ್ಮವ್ವನ ಕೈಯಾಗಿಂದ ಆಗಿದ್ದ್ರಿ ಸರ. ಮನಿಗಿ ಬಾ ಅಂದಾನ.”

“ಭಾಳ ಛಲೋ ಆತು ಟೀಚರ್.”

“ಅಮೆರಿಕದ್ದು ಎಲ್ಲಾ ತೆಗೀಬೇಕು. ಹೊಲಕ್ಕ ಬರೋಬರಿ ಆಗ್ತದ. ಒಂದು ಮಾತು ಕೇಳ್ತೇನಿ, ಹದಿನೈದು ದಿನ ತಡದ್ರ ತೆರಿಗಿದಾಗ ಏನರೆ ಫರಕ್ ಬೀಳ್ತದೇನ್ರಿ? ಬೀಳ್ತದ ಅಂದ್ರ ಅಣ್ಣಗ ಹೇಳ್ತೇನಿ. ಈಗ ಮಾತು ಕೇಳ್ತಾನ.”

ನೋಡಿ, ಅವರು ಕೇಳಿದರು. ಗಣಿತದವರು, ಕೇಳಬೇಕಾದ್ದನ್ನೇ ಕೇಳಿದರು. ಕೊಂಡ ದಿನಾಂಕವನ್ನೂ ತೆಗೆದು ನೋಡದೆ, ಎರಡು ವರ್ಷ ಆಗಿಯೇ ಹೋಗಿದೆ ಎಂದುಕೊಂಡೆ. ನನ್ನ ಬಾಯಿಂದ ಮೂವತ್ತು ವರ್ಷದ ಅಭ್ಯಾಸ ಮಾತಾಡಿತು.

“ಏನೂ ಫರಕ್ ಇಲ್ಲ. ಮಾರ್ಚ್‌ದಾಗ ಮುಗಿಸಿಬಿಡ್ರಿ. ತೆರಿಗಿಗೆ ಒಂದೂಮುಕ್ಕಾಲು ಲಕ್ಷ ಕಟ್ಟಿ, ಉಳಿದದ್ದು ಹೊಲಕ್ಕ ಹಾಕ್ರಿ.”

ಹಾಗೆಯೇ ಮಾಡಿದರು. ಪಾಡ್ಯದ ದಿನ ಚೆಕ್ ಕೊಟ್ಟು ತವರಿನಲ್ಲಿ ಹೋಳಿಗೆ ಉಂಡರು. ಏಪ್ರಿಲ್‌ನಲ್ಲಿ ಹೊಲ ಅವರ ಹೆಸರಿಗೆ ನೋಂದಣಿಯಾಯಿತು. ಬಾವಿಕಟ್ಟೆಯ ಮೇಲೆ ಅಣ್ಣತಂಗಿ ಕೂತ ಫೋಟೋ ನನ್ನ ಮೊಬೈಲಿಗೂ ಬಂತು.

ಜುಲೈಯಲ್ಲಿ ಅವರ ರಿಟರ್ನ್ ತುಂಬಲು ಕೂತೆ. ಹದಿಮೂರೂವರೆ ಲಕ್ಷದ ಲಾಭವನ್ನು ಕಂಪ್ಯೂಟರು ಹನ್ನೆರಡೂವರೆಯ ಖಾನೆಗೆ ತೆಗೆದುಕೊಳ್ಳಲೇ ಇಲ್ಲ. ಸಂಬಳದ ಮೇಲೆ ತಂದು ಸುರಿಯಿತು. ತೆರಿಗೆ ಎರಡು ಪಟ್ಟಿಗಿಂತ ಹೆಚ್ಚು. ಕಟ್ಟಿದ್ದು ಬಿಟ್ಟು ಇನ್ನೂ ಒಂದು ಲಕ್ಷ ಎಂಬತ್ತು ಸಾವಿರದ ಮೇಲೆ. ಇದಕ್ಕೆ ತಲೆ ಕೆಟ್ಟಿದೆ ಎಂದು ಕಂಪ್ಯೂಟರನ್ನು ಬೈದೆ. ಮೂರು ಸಲ ಅಳಿಸಿ ತುಂಬಿದೆ. ಕೊನೆಗೆ ನಾಚಿಕೆ ಬಿಟ್ಟು ಕಲಬುರಗಿಗೆ ಫೋನ್ ಮಾಡಿದೆ. ಮಗ ಎತ್ತುತ್ತಾನೆಂದುಕೊಂಡರೆ ಎತ್ತಿದ್ದು ದೊಡ್ಡ ಸಾಹೇಬರು. ವಯಸ್ಸು ಎಂಬತ್ತು ದಾಟಿದೆ, ದನಿ ನಡುಗುತ್ತದೆ. ನಾನು ಕಾಯ್ದೆ ಹೇಳಿದೆ, ಕೊಂಡ ದಿನ ಹೇಳಿದೆ, ಮಾರಿದ ದಿನ ಹೇಳಿದೆ.

“ಯಾವಾಗಿಂದ?” ಎಂದರು.

ನಾನು ಫೋನ್ ಇಟ್ಟೆ.

ಮಂಗಳವಾರದವರೆಗೆ ಕಾಯದೆ ಮರುದಿನವೇ ಅಫಜಲಪುರದ ಬಸ್ ಹತ್ತಿದೆ. ಟೀಚರ್ ಮನೆಯಲ್ಲೇ ಇದ್ದರು. ಪಂಚಮಿಗೆ ಎರಡು ವಾರ ಇತ್ತು. ಶೇಂಗಾ, ಎಳ್ಳು ಹರಡಿಕೊಂಡು ಉಂಡಿಗೆ ಅಣಿ ಮಾಡುತ್ತಿದ್ದರು. ಈ ಸಲ ಅಣ್ಣ ಕರೆಯಲು ಬರುತ್ತಾನೆ ಎಂದರು. ಕೈಯಲ್ಲಿ ತಾಯಿಯ ಪಾಟ್ಲಿ, ಬಂಗಾರದ ದಪ್ಪ ಬಳೆಗಳ ಜೋಡಿ. ತವರಿನಿಂದ ಜಗಳವಿಲ್ಲದೆ ಬಂದ ವಸ್ತು ಅದೊಂದೇ ಎಂದು ಹಿಂದೊಮ್ಮೆ ಹೇಳಿದ್ದರು. ಹಬ್ಬಕ್ಕೆಂದು ತೊಳೆಸಿ ಹೊಳಪು ಹಾಕಿಸಿದ್ದರು.

ನಾನು ನಿಂತೇ ಎಲ್ಲ ಹೇಳಿದೆ. ಎರಡು ವರ್ಷ ತುಂಬುವ ಏಪ್ರಿಲ್ ಐದು ದಾಟಿಸಿದ್ದರೆ ಸಾಕಿತ್ತು ಎಂದೆ. ಅವರು ಶೇಂಗಾದ ಕೈ ಒರೆಸಿಕೊಂಡು, ಹಳೆಯ ಪಂಚಾಂಗದ ಹಾಳೆಯ ಹಿಂದೆ ಲೆಕ್ಕ ಹಾಕಿದರು.

“ಅಂದ್ರ ಹದಿನೈದು ದಿನ.”

“ಹೌದ್ರಿ.”

“ನಾ ಕೇಳಿದ್ದೆ.”

“ಕೇಳಿದ್ರಿ.”

ಅವರು ಪೆನ್ನು ಇಡಲಿಲ್ಲ. “ಮತ್ತ ಅವತ್ತು ಮೊದಲನೇ ಪಾಡ್ಯಾದ ದಿನಾನೇ ಹಾಕಿದ್ರ?” ಎಂದರು. ಗಣಿತದವರ ಮುಂದೆ ಅರ್ಧ ಲೆಕ್ಕ ಇಟ್ಟು ಎದ್ದು ಬರಲಾಗುವುದಿಲ್ಲ. ಹಾಕಿದ್ದರೆ ಹನ್ನೆರಡೂವರೆಯಲ್ಲೇ ಮುಗಿಯುತ್ತಿತ್ತು ಎಂದೆ, ಪೇಪರ್ ಓದಿದ್ದು, ಫೋನ್ ಮಾಡದೆ ಬಿಟ್ಟದ್ದು ಎಲ್ಲ ಹೇಳಿದೆ. ಅವರು ಅದನ್ನೂ ಹಾಳೆಯ ಮೇಲೆ ಬರೆದುಕೊಂಡರು. ಒಂದು ಬೈಗುಳ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಆ ಫರಕಿನ ರೊಕ್ಕ ನಾ ತುಂಬ್ತೇನಿ ಟೀಚರ್.”

“ನಮ್ಮವ್ವನ ಹೊಲಕ್ಕ ನಿಮ್ಮ ರೊಕ್ಕ ಯಾಕ್ರಿ? ಅಣ್ಣನ ಕಡೆ ಬಾಯಿ ಮಾಡಿ ತಗೊಂಡಾಕಿ ನಾ. ಇನ್ನೊಬ್ಬರ ಋಣ ಅದರಾಗ ಬ್ಯಾಡ.”

ಆಳಂದದಲ್ಲಿ ನನ್ನಂಥದೇ ಕೆಲಸ ಮಾಡುವ ಗೆಳೆಯನೊಬ್ಬ ಸಮಾಧಾನ ಹೇಳಿದ. “ಏಪ್ರಿಲ್ ಮೊದಲನೇ ವಾರ ಅಮೆರಿಕದ ಮಾರ್ಕೆಟ್ ಬಿದ್ದಿತ್ತಲ್ಲೋ, ತಡದಿದ್ರೂ ಲುಕ್ಸಾನೇ ಆಗ್ತಿತ್ತು. ದೇವ್ರು ನಿನ್ನ ಉಳಿಸ್ಯಾನ.” ಮಾರ್ಕೆಟ್ ಬಿದ್ದದ್ದು ಖರೆ, ಮೇ ತಿಂಗಳಲ್ಲಿ ಎದ್ದು ನಿಂತದ್ದೂ ಖರೆ. ನಾನು ಅದ್ಯಾವುದನ್ನೂ ತಿಳಿದು ಹೇಳಿರಲಿಲ್ಲ. ಹೇಳಬೇಕಾದ ದಿನಾಂಕ ನನಗೆ ಗೊತ್ತಿರಲಿಲ್ಲ, ಅಷ್ಟೇ. ನಿಮಗೂ ಇಂಥ ಸಮಾಧಾನ ಹೇಳುವ ಗೆಳೆಯರು ಸಿಗುತ್ತಾರೆ. ಅವರ ಚಹಾ ಕುಡಿಯಿರಿ, ಮಾತು ನಂಬಬೇಡಿ.

ಪಂಚಮಿ ಮುಗಿದ ಮೇಲೆ ಟೀಚರ್ ಆಳಂದಕ್ಕೆ ಬಂದರು. ತೆರಿಗೆ, ಅದರ ಮೇಲಿನ ಬಡ್ಡಿ ಎಲ್ಲ ಕಟ್ಟಿದ ಚಲನ್ ಮೇಜಿನ ಮೇಲಿಟ್ಟರು. ಬಲಗೈಯಲ್ಲಿ ಪಾಟ್ಲಿ ಇತ್ತು. ಎಡಗೈಯಲ್ಲಿ ಹಸಿರು ಗಾಜಿನ ಬಳೆ.

“ಒಂದು ಮಾರಿದೆ” ಎಂದರು. “ತವರಮನ್ಯಾಗ ವೈನಿ, ನಮ್ಮಣ್ಣನ ಹೆಂಡ್ತಿ, ಕೇಳಿದ್ಲು, ಇನ್ನೊಂದು ಎಲ್ಲಿ ಅಂತ. ತೊಳ್ಯಾಕ ಕೊಟ್ಟೇನಿ ಅಂದೆ. ಸರ, ಇದನ್ನ ಮಾರಿದ್ದಕ್ಕೂ ತೆರಿಗಿ ಅದ ಏನ್ರಿ?”

“ಅದ ರೀ. ಬರೂ ವರ್ಷ.”

“ಎಷ್ಟು?”

“ಲಾಭಕ್ಕ ಹನ್ನೆರಡೂವರೆ.”

“ಇದು ಯಾವಾಗಿಂದ ಅಂತ ನೋಡೀರೇನು?” ಎಂದರು. ಅದರಲ್ಲಿ ಕುಹಕ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಪುಸ್ತಕ ತೆಗೆದು, ದಿನಾಂಕದ ಸಾಲು ಹುಡುಕಿ, ಅವರ ಕಡೆ ತಿರುಗಿಸಿ ತೋರಿಸಿದೆ. ಅವರು ಬೆರಳಿಟ್ಟು ಓದಿ ತಲೆಯಾಡಿಸಿದರು.

ರಿಟರ್ನ್ ಕಳಿಸಿದೆ. ಓಟಿಪಿ ಹೇಳಿದರು, ಕೆಲಸ ಮುಗಿಯಿತು. ಪರ್ಸು ತೆಗೆದು, “ಫೀಸು ಎಷ್ಟ್ರಿ?” ಎಂದರು.

“ಅಯ್ಯೋ, ಬ್ಯಾಡ್ರಿ ಟೀಚರ್. ದಯವಿಟ್ಟು ಬ್ಯಾಡ.”

“ಪ್ರತಿ ವರ್ಷ ಎರಡು ಸಾವಿರ ಅಲ್ಲೇನು?” ಎಂದು ಐದುನೂರರ ನಾಲ್ಕು ನೋಟು ಎಣಿಸಿ ಮೇಜಿನ ಮೇಲಿಟ್ಟರು. ನಾನು ಹಿಂದಕ್ಕೆ ಸರಿಸಿದೆ. ಅವರು ಮತ್ತೆ ಮುಂದಕ್ಕೆ ಸರಿಸಿದರು.

“ತಗೋರಿ ಸರ. ಫೀಸು ಬಿಟ್ರ ಲೆಕ್ಕ ಸಮ ಆತು ಅಂತ ತಿಳ್ಕೋತೀರಿ ನೀವು. ಸಮ ಆಗಿಲ್ಲ.”

ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಅಡಗುವ ಮೊದಲೇ ನೆನಪಾಗಿ, ರಸೀದಿ ಬರೆದು ಓಡಿ ಹೋಗಿ ಕೊಟ್ಟೆ. ಅವರು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ಆ ತಿಂಗಳ ಕೊನೆಗೆ ನಾನು ಖೋಲಿಯ ಕೀಲಿ ಗೊಬ್ಬರದ ಅಂಗಡಿಯವನಿಗೆ ಒಪ್ಪಿಸಿದೆ. ಆ ನಾಲ್ಕು ನೋಟು ಇನ್ನೂ ಖರ್ಚು ಮಾಡಿಲ್ಲ.